ಉಪ್ಸಾರಿಗೆ ಹಾಕುವ ಉಪ್ಪು ಯಾವುದು? ಬಸುರಿಯ ಅಯೋಡಿನ್ ಲೆಕ್ಕ, ಮಗುವಿನ ಮಿದುಳು

ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದ ಕಡೆಯ ಎಷ್ಟೋ ಅಡುಗೆಮನೆಗಳಲ್ಲಿ ಎರಡು ಬಗೆಯ ಉಪ್ಪು ಇರುತ್ತದೆ. ಪ್ಯಾಕೆಟ್ಟಿನ ಪುಡಿಯುಪ್ಪು ಮಜ್ಜಿಗೆಗೆ, ಉಪ್ಪಿಟ್ಟಿಗೆ, ಊಟದ ಎಲೆಯ ತುದಿಗೆ. ಒಲೆಯ ಪಕ್ಕದ ಭರಣಿಯಲ್ಲಿರುವ ಕಲ್ಲುಪ್ಪು ಸಾರಿಗೆ, ಬಸ್ಸಾರಿಗೆ, ಉಪ್ಸಾರಿಗೆ, ಉಪ್ಪಿನಕಾಯಿಗೆ. ಆಶಾ ಕಾರ್ಯಕರ್ತೆ ಬಂದು “ಅಯೋಡಿನ್ ಉಪ್ಪು ಬಳಸ್ತೀರಾ?” ಎಂದು ಕೇಳಿದರೆ “ಹೂಂ ಕಣಕ್ಕ” ಅನ್ನುವ ಉತ್ತರ ಸುಳ್ಳಲ್ಲ, ಪ್ಯಾಕೆಟ್ ಮನೆಯಲ್ಲಿ ಇದ್ದೇ ಇದೆ. ಆದರೆ ಹೊಟ್ಟೆ ಸೇರುವ ಉಪ್ಪಿನಲ್ಲಿ ಹೆಚ್ಚು ಪಾಲು ಭರಣಿಯದು. ಆ ಭರಣಿಯ ಉಪ್ಪು ಸಂತೆಯಲ್ಲಿ ಅಳೆದು ಕೊಂಡ ಬಿಡಿ ಉಪ್ಪಾಗಿದ್ದರೆ ಬಸುರಿಗೆ ಸಿಗುವ ಅಯೋಡಿನ್ ನಾವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ.

ಆದ್ದರಿಂದ ಈ ಕೆಲಸ ಔಷಧಿ ಅಂಗಡಿಯಿಂದ ಶುರುವಾಗುವುದಿಲ್ಲ, ಭರಣಿಯಿಂದ ಶುರುವಾಗುತ್ತದೆ. ಅದೂ ಬಸುರಿಯಾದ ಮೇಲಲ್ಲ, ಮಗು ಬೇಕು ಅಂದುಕೊಂಡ ದಿನದಿಂದಲೇ.

ಇಷ್ಟು ಬೇಗ ಯಾಕೆ

ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯಂತೆ ರೆಕ್ಕೆ ಚಾಚಿ ಕೂತಿರುವ ಥೈರಾಯ್ಡ್ ಗ್ರಂಥಿ ಅಯೋಡಿನ್ ಹಿಡಿದುಕೊಂಡು ಥೈರಾಕ್ಸಿನ್ ಎಂಬ ಹಾರ್ಮೋನು ತಯಾರಿಸುತ್ತದೆ. ಮಗುವಿನ ಮಿದುಳಿನ ನರಕೋಶಗಳು ಹುಟ್ಟಿದ ಜಾಗದಿಂದ ತಮ್ಮ ಜಾಗಕ್ಕೆ ಸಾಗುವುದಕ್ಕೂ, ಒಂದಕ್ಕೊಂದು ಕೂಡಿಕೊಳ್ಳುವುದಕ್ಕೂ, ನರಗಳ ಮೇಲೆ ಕೊಬ್ಬಿನ ಹೊದಿಕೆ ಕೂರುವುದಕ್ಕೂ ಈ ಹಾರ್ಮೋನು ಬೇಕು. ಮಗುವಿನ ಥೈರಾಯ್ಡ್ ಕೆಲಸ ಶುರು ಮಾಡುವುದು ಸುಮಾರು 12ನೇ ವಾರಕ್ಕೆ. ತನಗೆ ಬೇಕಾದಷ್ಟು ತಯಾರಿಸುವ ಹೊತ್ತಿಗೆ 18–20 ವಾರ ಆಗಿರುತ್ತದೆ. ಅಲ್ಲಿಯವರೆಗೆ ತಾಯಿಯ ಹಾರ್ಮೋನೇ ಗತಿ. ನಮ್ಮಲ್ಲಿ ಮುಟ್ಟು ನಿಂತದ್ದು ಖಾತ್ರಿಯಾಗಿ, ತಾಯಿ ಕಾರ್ಡ್ ಮಾಡಿಸಿ, ಮೊದಲ ತಪಾಸಣೆಗೆ ಹೋಗುವಷ್ಟರಲ್ಲೇ ಎಷ್ಟೋ ಜನಕ್ಕೆ ಎರಡೂವರೆ, ಮೂರು ತಿಂಗಳು ಕಳೆದಿರುತ್ತದೆ.

ಬಸುರಿನಲ್ಲಿ ತಾಯಿಯ ಗ್ರಂಥಿ ಮೊದಲಿಗಿಂತ ಹೆಚ್ಚುಕಮ್ಮಿ ಒಂದೂವರೆ ಪಟ್ಟು ಹಾರ್ಮೋನು ತಯಾರಿಸಬೇಕು. ಮೂತ್ರದಲ್ಲಿ ಅಯೋಡಿನ್ ಹೋಗುವುದೂ ಹೆಚ್ಚುತ್ತದೆ, ಮಗುವಿಗೂ ಒಂದು ಪಾಲು ಬೇಕು. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆ ಸಾಮಾನ್ಯ ಹೆಂಗಸಿಗೆ ದಿನಕ್ಕೆ 150 ಮೈಕ್ರೋಗ್ರಾಂ ಎಂದರೆ ಬಸುರಿಗೂ ಬಾಣಂತಿಗೂ 250 ಎನ್ನುತ್ತದೆ. ಮೈಕ್ರೋಗ್ರಾಂ ಅಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಇಡೀ ಒಂಬತ್ತು ತಿಂಗಳಿಗೆ ಬೇಕಾದ ಅಯೋಡಿನ್ ಅಷ್ಟೂ ಸೇರಿಸಿದರೂ ಒಂದು ಗ್ರಾಮಿನ ಹತ್ತನೇ ಒಂದು ಪಾಲೂ ಆಗದು. ಆದರೆ ಅದು ದಿನದಿನವೂ ಸಿಗಬೇಕು.

ಮೊದಲ ಕೆಲಸ: ಭರಣಿ ಖಾಲಿ ಮಾಡಿ

ಬಿಡಿ ಕಲ್ಲುಪ್ಪು ಎಲ್ಲಿಂದ ಬಂತು, ಯಾವಾಗ ಬಂತು ಎಂಬುದು ಮಾರುವವರಿಗೂ ಎಷ್ಟೋ ಸಲ ತಿಳಿದಿರುವುದಿಲ್ಲ. ದನಕ್ಕೆಂದೋ ತೆಂಗಿನ ಬುಡಕ್ಕೆಂದೋ ತಂದ ಉಪ್ಪು ಅಡುಗೆಗೂ ಬಳಕೆಯಾಗಿಬಿಡುತ್ತದೆ. ಜನ ತಿನ್ನುವ ಉಪ್ಪಿಗೆ ಅಯೋಡಿನ್ ಸೇರಿಸಿಯೇ ಮಾರಬೇಕೆಂಬ ನಿಯಮ 2006ರ ಮೇ ತಿಂಗಳಿಂದ ದೇಶದಲ್ಲೆಲ್ಲ ಮತ್ತೆ ಜಾರಿಯಲ್ಲಿದೆ. ಆದರೂ 2018–19ರ ರಾಷ್ಟ್ರೀಯ ಅಯೋಡಿನ್ ಸಮೀಕ್ಷೆಯಲ್ಲಿ ಸಾಕಷ್ಟು ಅಯೋಡಿನ್ ಇರುವ ಉಪ್ಪು ಸಿಕ್ಕಿದ್ದು ಶೇ. 76.3 ಮನೆಗಳಲ್ಲಿ ಮಾತ್ರ. ಅಂದರೆ ಹತ್ತಿರಹತ್ತಿರ ನಾಲ್ಕರಲ್ಲಿ ಒಂದು ಮನೆಯ ಉಪ್ಪು ಸಾಲದು.

ಕಲ್ಲುಪ್ಪೇ ಬೇಕು ಅನ್ನುವವರ ರುಚಿಗೆ ಅಡ್ಡಿ ಬರಬೇಕಿಲ್ಲ. ಅಯೋಡಿನ್ ಸೇರಿಸಿದ ಕಲ್ಲುಪ್ಪೂ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. “ನಂಗೆ ಪುಡಿಯುಪ್ಪು ಸೇರಲ್ಲ ಕಣವ್ವ” ಅನ್ನುವ ಅತ್ತೆಯ ಜೊತೆ ವಾದಕ್ಕಿಳಿಯುವುದಕ್ಕಿಂತ ಇದು ಸುಲಭ. ಕೊಳ್ಳುವಾಗ ನೋಡಬೇಕಾದದ್ದು ಇಷ್ಟು:

– ಪ್ಯಾಕೆಟ್ಟಿನ ಮೇಲೆ ‘ಅಯೋಡೈಸ್ಡ್’ ಎಂಬ ಪದ. ‘ಶುದ್ಧ’, ‘ಸಮುದ್ರದ ಉಪ್ಪು’, ‘ನೈಸರ್ಗಿಕ’ ಎಂದು ಬರೆದಿದ್ದರೆ ಅದು ಲೆಕ್ಕಕ್ಕಿಲ್ಲ.

– ಪೋಷಕಾಂಶದ ಪಟ್ಟಿಯಲ್ಲಿ ಅಯೋಡಿನ್ ಎಷ್ಟು ಪಿಪಿಎಂ ಎಂಬುದು. ನಮ್ಮ ಕೈಗೆ ಬರುವ ಹೊತ್ತಿಗೆ ಕನಿಷ್ಠ 15 ಪಿಪಿಎಂ ಇರಬೇಕು. 15 ಪಿಪಿಎಂ ಅಂದರೆ ಒಂದು ಗ್ರಾಂ ಉಪ್ಪಿನಲ್ಲಿ 15 ಮೈಕ್ರೋಗ್ರಾಂ.

– ತಯಾರಾದ ತಿಂಗಳು. ಹೊಸದಿದ್ದಷ್ಟೂ ಒಳ್ಳೆಯದು. ದೊಡ್ಡ ಮೂಟೆ ಅಗ್ಗವೆಂದು ತಂದು ವರ್ಷಗಟ್ಟಲೆ ಇಡಬೇಡಿ.

ಗುಲಾಬಿ ಬಣ್ಣದ ಸೈಂಧವ ಲವಣ ಈಗ ಮೈಸೂರಿನ ಸೂಪರ್ ಮಾರ್ಕೆಟ್ಟುಗಳಲ್ಲಿ ಚಂದದ ಬಾಟಲಿಯಲ್ಲಿ ಕೂತಿದೆ. ಬೆಲೆ ಹಲವು ಪಟ್ಟು, ಅಯೋಡಿನ್ ಮಾತ್ರ ಸೇರಿಸಿರದಿದ್ದರೆ ಲೆಕ್ಕಕ್ಕೆ ಬರುವಷ್ಟಿಲ್ಲ. ಏಕಾದಶಿ ಉಪವಾಸಕ್ಕೆ ಬಳಸಿದರೆ ತೊಂದರೆಯಿಲ್ಲ. ಓದಿದ ಮನೆಗಳಲ್ಲಿ, ಆರೋಗ್ಯದ ಹೆಸರಲ್ಲಿ, ಅದೂ ಬಸುರಿ ಇರುವಾಗ ದಿನದ ಅಡುಗೆಯನ್ನೆಲ್ಲ ಅದಕ್ಕೇ ಬದಲಿಸುವುದು ನೋಡಿದರೆ ಸಂಕಟವಾಗುತ್ತದೆ.

ಉಪ್ಪಿನಕಾಯಿ ಕೆಟ್ಟುಹೋಗುತ್ತದೆಂದು ಅದಕ್ಕೆ ಬೇರೆ ಉಪ್ಪು ತರುವವರೂ ಇದ್ದಾರೆ. ಉಪ್ಪಿನಕಾಯಿ ಕೆಡುವುದು ತೇವದಿಂದ, ಉಪ್ಪು ಸಾಲದೆ ಹೋಗಿ, ಕೈ ತಾಗಿ. ಅಯೋಡಿನ್ನಿಂದ ಅಲ್ಲ.

ಉಪ್ಪು ನೀರು ಬಿಟ್ಟಾಗ ಏನಾಗುತ್ತದೆ

ನಮ್ಮ ದೇಶದಲ್ಲಿ ಉಪ್ಪಿಗೆ ಸೇರಿಸುವುದು ಪೊಟ್ಯಾಸಿಯಂ ಅಯೋಡೇಟ್. ಅದರ ದ್ರಾವಣವನ್ನು ಉಪ್ಪಿನ ಮೇಲೆ ಸಿಂಪಡಿಸುತ್ತಾರೆ. ಪುಡಿಯುಪ್ಪಿನಲ್ಲಿ ಅದು ಸಮನಾಗಿ ಬೆರೆಯುತ್ತದೆ, ಕಲ್ಲುಪ್ಪಿನಲ್ಲಿ ಹರಳಿನ ಮೈಮೇಲೆ ಅಂಟಿಕೊಂಡಿರುತ್ತದೆ. ಮಳೆಗಾಲದಲ್ಲಿ ಬಾಯಿ ತೆರೆದ ಭರಣಿಯ ಉಪ್ಪು ತೇವ ಎಳೆದು ನೀರಾಡುತ್ತದೆ. ಆ ನೀರಿನ ಜೊತೆ ಅಯೋಡೇಟೂ ಕರಗಿ ತಳಕ್ಕಿಳಿಯುತ್ತದೆ. ಮೇಲಿನ ಉಪ್ಪು ಬಳಸಿ ತಳದ ನೀರು ಚೆಲ್ಲಿದರೆ ಕಾಸು ಕೊಟ್ಟು ತಂದದ್ದನ್ನೇ ಬಚ್ಚಲಿಗೆ ಸುರಿದಂತೆ. ಕಲ್ಲುಪ್ಪಲ್ಲಿ ಮಣ್ಣಿದೆಯೆಂದು ತೊಳೆದರೂ ಇದೇ ಕತೆ.

ಮುಚ್ಚಳ ಬಿಗಿಯಾಗಿರುವ ಪ್ಲಾಸ್ಟಿಕ್, ಗಾಜು ಅಥವಾ ಪಿಂಗಾಣಿ ಡಬ್ಬಿ ಸಾಕು. ಒಲೆಯಿಂದ ಒಂದು ಮೊಳವಾದರೂ ದೂರ, ಕಿಟಕಿಯ ಬಿಸಿಲು ಬೀಳದ ಕಡೆ ಇಡಿ. ಒಳಗೆ ಒಣ ಚಮಚ. ಮಣ್ಣಿನ ಕುಡಿಕೆ ತೇವ ಹೀರುತ್ತದೆ, ಅದು ಬೇಡ. ಉಪ್ಪು ಹುರಿದಿಡುವ ರೂಢಿಯಿದ್ದರೆ ಅದನ್ನೂ ಬಿಡಿ.

ಅಡುಗೆಯಲ್ಲಿ ಒಂದೇ ಸೂತ್ರ: ಉಪ್ಪು ಕೊನೆಗೆ. ಬೇಳೆಯ ಜೊತೆ ಕುಕ್ಕರಿಗೆ ಹಾಕಿ ನಾಲ್ಕು ಸೀಟಿ ಹೊಡೆಸುವುದಕ್ಕಿಂತ ಸಾರು ಇಳಿಸುವ ಮುಂಚೆ ಹಾಕಿ ಒಂದು ಕುದಿ ತರಿಸಿ. ಕಾಳು ಬೇಯಿಸಿದ ನೀರನ್ನು ಚೆಲ್ಲಬೇಡಿ. ಈ ವಿಷಯದಲ್ಲಿ ನಮ್ಮ ಸೀಮೆಯ ಅಡುಗೆ ಮೊದಲಿಂದಲೂ ಜಾಣತನದ್ದು. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟೇ ಬಸ್ಸಾರಾಗುತ್ತದೆ, ಉಪ್ಸಾರಾಗುತ್ತದೆ. ಉಪ್ಪು ಹಾಕಿ ಬೇಯಿಸಿದರೂ ಕಟ್ಟಿನೊಳಗೇ ಉಳಿದು ಮುದ್ದೆಯ ಜೊತೆ ಹೊಟ್ಟೆಗೆ ಹೋಗುತ್ತದೆ.

ಆಲೂಗಡ್ಡೆಯ ಪರೀಕ್ಷೆ

ಮನೆಯ ಉಪ್ಪಿನಲ್ಲಿ ಅಯೋಡಿನ್ ಇದೆಯೇ ಎಂದು ನೋಡಲು ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿಕೊಡುವ ಸರಳ ದಾರಿಯೊಂದಿದೆ. ಆಲೂಗಡ್ಡೆಯನ್ನು ಅಡ್ಡಕ್ಕೆ ಹೆಚ್ಚಿ. ಹೊಸದಾಗಿ ಹೆಚ್ಚಿದ ಮೈಮೇಲೆ ಅರ್ಧ ಚಮಚ ಉಪ್ಪು ಹಾಕಿ ಒಂದು ನಿಮಿಷ ಬಿಡಿ. ಮೇಲೆ ಎರಡೇ ಎರಡು ಹನಿ ನಿಂಬೆರಸ ಬಿಡಿ. ಉಪ್ಪು ನೀಲಿಗೆ ತಿರುಗಿದರೆ ಅಯೋಡಿನ್ ಇದೆ.

ನಿಂಬೆಯ ಹುಳಿಯಲ್ಲಿ ಅಯೋಡೇಟಿನಿಂದ ಅಯೋಡಿನ್ ಬಿಡುಗಡೆಯಾಗಿ ಆಲೂಗಡ್ಡೆಯ ಪಿಷ್ಟದ ಜೊತೆ ಸೇರಿದಾಗ ಈ ಬಣ್ಣ. ತಪ್ಪುವುದು ಸಾಮಾನ್ಯವಾಗಿ ನಿಂಬೆ ಹಿಂಡುವಲ್ಲಿ: ಹನಿ ಲೆಕ್ಕ ಬಿಟ್ಟು ಅರ್ಧ ಹೋಳು ಹಿಂಡಿದರೆ ಅದರ ಸಿ ಜೀವಸತ್ವ ಅಯೋಡಿನ್ನಿನ ಬಣ್ಣವನ್ನೇ ಅಳಿಸಿಹಾಕುತ್ತದೆ, ಒಳ್ಳೆಯ ಉಪ್ಪೂ ಬೆಳ್ಳಗೆ ಉಳಿಯುತ್ತದೆ. ಬಣ್ಣ ಬರದಿದ್ದರೆ ಒಮ್ಮೆಗೇ ತೀರ್ಮಾನಿಸದೆ, ಹೊಸ ಪ್ಯಾಕೆಟ್ಟಿನ ಉಪ್ಪನ್ನು ಇನ್ನೊಂದು ಹೋಳಿನ ಮೇಲೆ ಹಾಕಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಈ ಪರೀಕ್ಷೆ ಇದೆಯೋ ಇಲ್ಲವೋ ಎಂದಷ್ಟೇ ಹೇಳುತ್ತದೆ. 15 ಪಿಪಿಎಂ ದಾಟಿದೆಯೇ ಎಂದು ಅಂದಾಜು ಸಿಗಬೇಕಾದರೆ ಬಣ್ಣದ ಪಟ್ಟಿ ಇರುವ ಉಪ್ಪು ಪರೀಕ್ಷಾ ಕಿಟ್ ಬೇಕು. ಆಶಾ ಕಾರ್ಯಕರ್ತೆಯ ಬಳಿ ಕಿಟ್ ಇದೆಯೇ ಎಂದು ವಿಚಾರಿಸಿ. ಪರೀಕ್ಷೆಗೆ ಬಳಸಿದ ಉಪ್ಪನ್ನು ಎಸೆಯಿರಿ.

ಲೆಕ್ಕ ಹಾಕಿ ನೋಡೋಣ

ಒಂದು ಕಿಲೋ ಉಪ್ಪು ನಿಮ್ಮ ಮನೆಯಲ್ಲಿ ಎಷ್ಟು ದಿನ ಬರುತ್ತದೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನಾಲ್ಕು ಜನಕ್ಕೆ 30 ದಿನ ಬಂದರೆ ತಲೆಗೆ ದಿನಕ್ಕೆ 8 ಗ್ರಾಂ ಚಿಲ್ಲರೆ. 15 ಪಿಪಿಎಂ ಉಪ್ಪಾದರೆ ಅದರಲ್ಲಿ 125 ಮೈಕ್ರೋಗ್ರಾಂ. ಅಡುಗೆಯಲ್ಲಿ ಐದನೇ ಒಂದು ಪಾಲು ಕಳೆದರೆ ಉಳಿದದ್ದು 100. ಅದೇ 30 ಪಿಪಿಎಂ ಆದರೆ 200. ಎರಡೂ 250 ಮುಟ್ಟುವುದಿಲ್ಲ.

ಹಾಗಂತ ಉಪ್ಪು ಹೆಚ್ಚಿಸುವ ಯೋಚನೆ ಬೇಡವೇ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಿನಕ್ಕೆ 5 ಗ್ರಾಂ, ಒಂದು ಟೀ ಚಮಚದಷ್ಟು. ಎಂಟು ಗ್ರಾಂ ಈಗಲೇ ಜಾಸ್ತಿ. ಡಾಕ್ಟರು “ಬಿಪಿ ಇದೆ, ಉಪ್ಪು ಕಮ್ಮಿ ಮಾಡಿ” ಎಂದರೆ ಕಮ್ಮಿ ಮಾಡಿ. ಆದರೆ ಉಳಿದ ಅಷ್ಟೂ ಉಪ್ಪು ಅಯೋಡಿನ್ನಿನದೇ ಆಗಿರಲಿ, ಕೊರತೆಯನ್ನು ತಟ್ಟೆಯ ಬೇರೆ ಪದಾರ್ಥಗಳಿಂದ ತುಂಬಿಸಿ.

ಹಾಲು, ಮೊಸರು, ಮಜ್ಜಿಗೆ ಮೊದಲ ಆಸರೆ. ಹಾಲಿನ ಅಯೋಡಿನ್ ಹಸುವಿನ ಮೇವಿನಿಂದ ಬರುವುದರಿಂದ ಊರಿಂದೂರಿಗೆ ಬದಲಾಗುತ್ತದೆ. ಖನಿಜ ಮಿಶ್ರಣ ಹಾಕಿ ಸಾಕಿದ ಹಸುವಿನ ಹಾಲಿನಲ್ಲಿ ಹೆಚ್ಚು. ಮಂಡ್ಯದಲ್ಲಿ ಮನೆಯಲ್ಲೇ ಹಸು ಕಟ್ಟಿರುವವರು ಇದನ್ನು ನೆನಪಿಡಬೇಕು. ಮೇವಿಗೆ ಹಾಕಿದ್ದು ಡೈರಿಗಷ್ಟೇ ಅಲ್ಲ, ಮನೆಯ ಬಸುರಿಗೂ ಬರುತ್ತದೆ. ದಿನಕ್ಕೆ ಎರಡು ಲೋಟ ಹಾಲು, ಊಟಕ್ಕೊಂದು ಬಟ್ಟಲು ಮೊಸರು, ತಿನ್ನುವವರಾದರೆ ಒಂದು ಮೊಟ್ಟೆ. ಮೊಟ್ಟೆಯ ಅಯೋಡಿನ್ ಹೆಚ್ಚಾಗಿ ಹಳದಿಯಲ್ಲಿರುವುದರಿಂದ ಬಿಳಿ ಮಾತ್ರ ತಿಂದು ಹಳದಿ ಬಿಡಬೇಡಿ. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯಡಿ ಹಾಲು, ಮೊಟ್ಟೆ ಸಿಗುವವರು ಅದನ್ನು ತಪ್ಪಿಸಬಾರದು, ಮನೆಗೆ ತಂದು ಮಕ್ಕಳಿಗೆ ಹಂಚಿಬಿಡಲೂಬಾರದು.

ಮೀನಿನಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ಅಯೋಡಿನ್ ಹೆಚ್ಚಿರುವುದು ಕಡಲ ಮೀನಿನಲ್ಲಿ. ಕೆರೆಯ ಕಾಟ್ಲಾ, ಕಾವೇರಿಯ ಮೀನು ಒಳ್ಳೆಯ ಆಹಾರವೇ, ಅಯೋಡಿನ್ನಿನ ಲೆಕ್ಕದಲ್ಲಿ ಮಾತ್ರ ಹಿಂದೆ. ಮಂಗಳೂರಿನಿಂದ ಬರುವ ಬಂಗುಡೆ, ಬೂತಾಯಿ ವಾರಕ್ಕೆರಡು ಸಲ ಸಿಕ್ಕರೆ ಚೆನ್ನ.

ಕೋಸು, ಹೂಕೋಸು, ನವಿಲುಕೋಸು, ಮೂಲಂಗಿಯಲ್ಲಿ ಥೈರಾಯ್ಡಿನ ಕೆಲಸಕ್ಕೆ ಅಡ್ಡ ಬರುವ ಅಂಶಗಳಿವೆ ಎಂಬುದು ನಿಜ. ಬೇಯಿಸಿದರೆ ಅವುಗಳ ಬಲ ಬಹಳ ಕುಗ್ಗುತ್ತದೆ. ಅಯೋಡಿನ್ ಸರಿಯಾಗಿ ಸಿಗುತ್ತಿರುವವರಿಗೆ ನವಿಲುಕೋಸಿನ ಹುಳಿ ಏನೂ ಮಾಡದು. ದಿನಾ ಹಸಿ ಕೋಸಿನ ರಸ ಕುಡಿಯುವುದು ಮಾತ್ರ ಬೇಡ. ಧಾನ್ಯಗಳಲ್ಲಿ ಈ ಆಪಾದನೆಗೆ ಆಧಾರ ಸಿಕ್ಕಿರುವುದು ಮುಖ್ಯವಾಗಿ ಸಜ್ಜೆಯ ಮೇಲೆ. ಅದನ್ನು ಹಿಡಿದು ಬಸುರಿಗೆ ರಾಗಿ ಮುದ್ದೆ ಬಿಡಿಸುವವರಿದ್ದಾರೆ. ಬಿಡಿಸಬೇಡಿ.

ಗುಳಿಗೆ ಬೇಕೇ?

ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇದೆ. ಕ್ಯಾಲ್ಸಿಯಂ ಗುಳಿಗೆಯಲ್ಲಿ ಕ್ಯಾಲ್ಸಿಯಂ, ಡಿ ಜೀವಸತ್ವ. ಎರಡರಲ್ಲೂ ಅಯೋಡಿನ್ ಇಲ್ಲ. “ಎಲ್ಲಾ ಗುಳಿಗೆ ನುಂಗ್ತಿದೀನಿ” ಎಂದರೂ ಅಯೋಡಿನ್ ಲೆಕ್ಕಕ್ಕೆ ಸೊನ್ನೆ. ಖಾಸಗಿಯಾಗಿ ಬರೆದುಕೊಡುವ ಮಲ್ಟಿವಿಟಮಿನ್‌ಗಳಲ್ಲಿ ಕೆಲವದರಲ್ಲಿ 150 ಮೈಕ್ರೋಗ್ರಾಂ ಇರುತ್ತದೆ, ಕೆಲವದರಲ್ಲಿ ಇಲ್ಲ. ಪಟ್ಟಿ ಓದಿ ನೋಡಬೇಕು.

ಇಲ್ಲಿ ಅಧ್ಯಯನಗಳು ಏನು ಹೇಳುತ್ತವೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ತೀವ್ರ ಕೊರತೆ ಇದ್ದ ಕಡೆ ಹಾನಿ ನಿಸ್ಸಂಶಯ: ಕಿವುಡು, ಕುಂಠಿತ ಬೆಳವಣಿಗೆ, ಬುದ್ಧಿಮಾಂದ್ಯ. ಡಾ. ವಿ. ರಾಮಲಿಂಗಸ್ವಾಮಿ ಅವರು 1956ರಲ್ಲಿ ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ ಶುರು ಮಾಡಿದ ಪ್ರಯೋಗದಲ್ಲಿ ಅಯೋಡಿನ್ ಸೇರಿಸಿದ ಉಪ್ಪಿನಿಂದಲೇ ಗಳಗಂಡ (ಥೈರಾಯ್ಡ್ ಊದಿ ಕುತ್ತಿಗೆ ದಪ್ಪಗಾಗುವುದು) ಇಳಿದದ್ದು ಕಂಡಮೇಲೆ 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಬಂತು. ಅಲ್ಪ ಕೊರತೆಯ ಮಾತು ಇಷ್ಟು ಸರಳವಿಲ್ಲ. ಬ್ರಿಟನ್ನಿನಲ್ಲಿ ಸುಮಾರು ಸಾವಿರ ತಾಯಂದಿರನ್ನು ಗಮನಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಸುರಿನ ಮೊದಲ ತಿಂಗಳುಗಳಲ್ಲಿ ಅಯೋಡಿನ್ ಕಡಿಮೆಯಿದ್ದ ತಾಯಂದಿರ ಮಕ್ಕಳು ಎಂಟು, ಒಂಬತ್ತನೇ ವಯಸ್ಸಿನಲ್ಲಿ ಭಾಷೆ, ಓದಿನ ಪರೀಕ್ಷೆಗಳಲ್ಲಿ ಹಿಂದೆ ಬಿದ್ದಿದ್ದರು. ಆದರೆ ಬೆಂಗಳೂರು ಮತ್ತು ಬ್ಯಾಂಕಾಕಿನ 832 ಬಸುರಿಯರಲ್ಲಿ ಅರ್ಧದಷ್ಟು ಜನಕ್ಕೆ ದಿನಾ 200 ಮೈಕ್ರೋಗ್ರಾಂ ಅಯೋಡಿನ್ ಗುಳಿಗೆ, ಉಳಿದವರಿಗೆ ಹುಸಿ ಗುಳಿಗೆ ಕೊಟ್ಟು ನೋಡಿದ ಪ್ರಯೋಗದಲ್ಲಿ (2017ರಲ್ಲಿ ಪ್ರಕಟ) ಐದಾರು ವರ್ಷದ ಮಕ್ಕಳ ಬುದ್ಧಿಶಕ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಗುಳಿಗೆ ನುಂಗಿಸಿ ಮಗುವನ್ನು ಜಾಣ ಮಾಡುತ್ತೇವೆ ಅನ್ನುವ ಜಾಹೀರಾತಿಗೆ ಇದೇ ಉತ್ತರ.

ಉಪ್ಪು ಸರಿಯಿದ್ದು, ಹಾಲು ಮೊಸರು ತಿನ್ನುವ ಹೆಂಗಸಿಗೆ ಬೇರೆ ಗುಳಿಗೆಯ ಅಗತ್ಯ ಸಾಮಾನ್ಯವಾಗಿ ಬೀಳದು. ಹಾಲೂ ಮೊಟ್ಟೆಯೂ ಸೇರದ, ಉಪ್ಪೂ ಬಹಳ ಕಡಿಮೆ ಮಾಡಿರುವವರು 150 ಮೈಕ್ರೋಗ್ರಾಂ ಇರುವ ಗುಳಿಗೆ ಬೇಕೇ ಎಂದು ಡಾಕ್ಟರನ್ನು ಕೇಳಬೇಕು. ದಿನಕ್ಕೆ 500 ಮೈಕ್ರೋಗ್ರಾಂ ದಾಟಿದರೆ ಲಾಭವಿಲ್ಲ, ಗ್ರಂಥಿ ಮುನಿಸಿಕೊಳ್ಳಬಹುದು. ಕಡಲಪಾಚಿಯ ಗುಳಿಗೆ, ಪುಡಿಗಳಲ್ಲಿ ಅಯೋಡಿನ್ ಎಷ್ಟಿರುತ್ತದೆಂದು ನಂಬುವಂತಿಲ್ಲ, ಬೇಡ. ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ದ್ರಾವಣವನ್ನು ಡಾಕ್ಟರು ಹೇಳದೆ ದಿನಗಟ್ಟಲೆ ಬಳಸಬೇಡಿ, ಚರ್ಮದಿಂದಲೂ ಒಳಗಿಳಿಯುತ್ತದೆ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಕಾಯಿಲೆ ಇರುವವರು ಗುಳಿಗೆಯನ್ನು ಸ್ವಂತ ಬುದ್ಧಿಯಿಂದ ಶುರು ಮಾಡಲೇಬಾರದು.

ಥೈರಾಯ್ಡ್ ಪರೀಕ್ಷೆ, ಮಾತ್ರೆ

ಮೊದಲ ತಪಾಸಣೆಯಲ್ಲೇ ಟಿಎಸ್‌ಎಚ್ ಬಗ್ಗೆ ಕೇಳಿ. ಥೈರಾಯ್ಡಿಗೆ ಕೆಲಸ ಮಾಡೆಂದು ಹೇಳುವ ಹಾರ್ಮೋನು ಇದು, ರಕ್ತದಲ್ಲಿ ಅಳೆಯುತ್ತಾರೆ; ಥೈರಾಯ್ಡ್ ಸೋತರೆ ಇದು ಏರುತ್ತದೆ. ಮನೆಯಲ್ಲಿ ಥೈರಾಯ್ಡ್ ಕಾಯಿಲೆ ಇದ್ದರೆ, ಹಿಂದೆ ಗರ್ಭ ಇಳಿದಿದ್ದರೆ, ಕುತ್ತಿಗೆ ದಪ್ಪಗಿದ್ದರೆ, ಸಕ್ಕರೆ ಕಾಯಿಲೆಯಿದ್ದರೆ ಬಿಡಲೇಬೇಡಿ. ಲ್ಯಾಬಿನ ಹಾಳೆಯಲ್ಲಿ ಮುದ್ರಿಸಿರುವ ‘ನಾರ್ಮಲ್’ ಹೆಚ್ಚಾಗಿ ಬಸುರಿಯಲ್ಲದವರದ್ದು. ಕೇಂದ್ರ ಆರೋಗ್ಯ ಇಲಾಖೆಯ 2014ರ ಮಾರ್ಗಸೂಚಿ ಮೊದಲ ಮೂರು ತಿಂಗಳಿಗೆ 2.5, ಆಮೇಲೆ 3 ಎಂಬ ಮಿತಿ ಇಟ್ಟಿತ್ತು. ಈಚಿನ ಅಂತರರಾಷ್ಟ್ರೀಯ ಸಲಹೆ ಇಷ್ಟು ಬಿಗಿಯಿಲ್ಲ. ಹಾಳೆ ನೋಡಿ ತೀರ್ಮಾನಿಸುವುದು ಡಾಕ್ಟರಿಗೆ ಬಿಟ್ಟದ್ದು. ಮೂತ್ರದ ಅಯೋಡಿನ್ ಪರೀಕ್ಷೆಗೆ ಮಾತ್ರ ದುಡ್ಡು ಸುರಿಯಬೇಡಿ. ಅದು ದಿನದಿಂದ ದಿನಕ್ಕೆ ಏರಿಳಿಯುತ್ತದೆ, ಊರಿನ ಸರಾಸರಿ ಹೇಳಲು ಸರಿ, ಒಬ್ಬರ ಸ್ಥಿತಿ ಹೇಳಲು ಅಲ್ಲ.

ಥೈರಾಕ್ಸಿನ್ ಮಾತ್ರೆ ಬರೆದರೆ ಬೆಳಿಗ್ಗೆ ಎದ್ದು ಬರಿಹೊಟ್ಟೆಯಲ್ಲಿ ನೀರಿನ ಜೊತೆ ತೆಗೆದುಕೊಂಡು ಅರ್ಧ ಗಂಟೆಯಿಂದ ಒಂದು ಗಂಟೆ ಕಾಫಿಯನ್ನೂ ಮುಟ್ಟಬಾರದು. ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕು. ಆರಕ್ಕೆ ಥೈರಾಕ್ಸಿನ್ ಆದರೆ ಮಧ್ಯಾಹ್ನ ಊಟದ ಜೊತೆ ಕ್ಯಾಲ್ಸಿಯಂ, ರಾತ್ರಿ ಕಬ್ಬಿಣ. ಮೂರನ್ನೂ ಒಂದೇ ಗುಟುಕಿಗೆ ನುಂಗಿ ಮುಗಿಸಿದರೆ ಥೈರಾಕ್ಸಿನ್ ಮೈಗೆ ಹತ್ತುವುದಿಲ್ಲ, ಟಿಎಸ್‌ಎಚ್ ಇಳಿಯುವುದಿಲ್ಲ, ಡೋಸು ಸುಮ್ಮನೆ ಏರುತ್ತದೆ. ಬಸುರಾಗುವ ಮುಂಚಿನಿಂದಲೇ ಮಾತ್ರೆಯಲ್ಲಿರುವವರು ಮುಟ್ಟು ತಪ್ಪಿದ ವಾರವೇ ಡಾಕ್ಟರಿಗೆ ತಿಳಿಸಬೇಕು, ಡೋಸು ಹೆಚ್ಚಿಸಬೇಕಾಗುವುದು ಸಾಮಾನ್ಯ. ಮಗುವಿಗೆ ತೊಂದರೆಯಾದೀತೆಂದು ಮಾತ್ರೆ ನಿಲ್ಲಿಸುವುದೇ ನಿಜವಾದ ತೊಂದರೆ. ಇಂಥವರು ಅಯೋಡಿನ್ ಉಪ್ಪು ಬಿಡಬೇಕೆಂಬ ಮಾತಿಗೂ ಬುಡವಿಲ್ಲ.

ಬಾಣಂತನದಲ್ಲಿ, ಮಗುವಿಗೆ

ಆರು ತಿಂಗಳವರೆಗೆ ಮಗುವಿಗೆ ಅಯೋಡಿನ್ ಸಿಗುವುದು ಎದೆಹಾಲಿನಿಂದ ಮಾತ್ರ. ಹಾಗಾಗಿ ಹೆರಿಗೆಯಾದ ಮೇಲೂ ಲೆಕ್ಕ 250ರದ್ದೇ. ಮೊಸರು ಶೀತ, ಮೊಟ್ಟೆ ಉಷ್ಣ ಎಂದು ಪಥ್ಯ ಹಿಡಿಸುವ ಮನೆಗಳಲ್ಲಿ ಬಾಣಂತಿಯ ತಟ್ಟೆಯಲ್ಲಿ ಅಯೋಡಿನ್ನಿಗೆ ಉಪ್ಪೊಂದೇ ಉಳಿಯುತ್ತದೆ. ಮೊಸರು ಬೇಡವೆಂದರೆ ಬಿಸಿ ಹಾಲಾದರೂ ಎರಡು ಹೊತ್ತು ಕೊಡಿ. ಆರು ತಿಂಗಳ ಮೇಲೆ ರಾಗಿ ಸರಿ ಶುರುವಾದಾಗ ಮಗುವಿಗೆಂದು ಉಪ್ಪು ಹಾಕಬೇಡಿ, ವರ್ಷ ತುಂಬಲಿ. ಅಲ್ಲಿಯವರೆಗೂ ಎದೆಹಾಲು ಮುಂದುವರಿಯಲಿ.

ಹುಟ್ಟಿದ ಮಗುವಿಗೆ ಒಂದು ಪರೀಕ್ಷೆ ತಪ್ಪದೆ ಮಾಡಿಸಿ. ಭಾರತದಲ್ಲಿ ಸುಮಾರು ಸಾವಿರ ಮಕ್ಕಳಲ್ಲಿ ಒಂದು ಮಗುವಿಗೆ ಹುಟ್ಟಿನಿಂದಲೇ ಥೈರಾಯ್ಡ್ ಕೆಲಸ ಮಾಡುವುದಿಲ್ಲ. ಇದಕ್ಕೆ ಸಾಮಾನ್ಯವಾಗಿ ತಾಯಿಯ ಊಟ ಕಾರಣವಲ್ಲ, ಗ್ರಂಥಿಯೇ ಸರಿಯಾಗಿ ರೂಪುಗೊಂಡಿರುವುದಿಲ್ಲ. ಮೂರರಿಂದ ಐದನೇ ದಿನದೊಳಗೆ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಟಿಎಸ್‌ಎಚ್ ನೋಡುತ್ತಾರೆ. ಎರಡನೇ ದಿನವೇ ಡಿಸ್‌ಚಾರ್ಜ್ ಆಗುವ ಕಡೆ ಇದು ಬಿಟ್ಟುಹೋಗುತ್ತದೆ, ಆದ್ದರಿಂದ ಹೊರಡುವ ಮುಂಚೆಯೇ ಎಲ್ಲಿ, ಯಾವ ದಿನ ಎಂದು ಕೇಳಿ ಬರೆಸಿಕೊಳ್ಳಿ. ಆಮೇಲೆ ರಿಪೋರ್ಟು ಬಂತೇ ಎಂದು ಬೆನ್ನು ಹತ್ತಿ ವಿಚಾರಿಸಿ. ರಕ್ತ ಕೊಟ್ಟು ಫಲಿತಾಂಶ ಮರೆತರೆ ಪರೀಕ್ಷೆ ಮಾಡಿಸದಂತೆಯೇ. ಎರಡು ವಾರ ದಾಟಿದರೂ ಇಳಿಯದ ಕಾಮಾಲೆ, ಗೊಗ್ಗರು ಅಳು, ಮಲಬದ್ಧತೆ, ಹಾಲು ಕುಡಿಯದೆ ಮಲಗಿಯೇ ಇರುವುದು, ಉಬ್ಬಿದ ಹೊಕ್ಕುಳು ಕಂಡರೆ ಹಳೆಯ ರಿಪೋರ್ಟ್ ನಾರ್ಮಲ್ ಇದ್ದರೂ ಮತ್ತೊಮ್ಮೆ ತೋರಿಸಿ.

ಮಗುವಿಗೆ ಥೈರಾಕ್ಸಿನ್ ಮಾತ್ರೆ ಬರೆದುಕೊಟ್ಟರೆ ಎರಡು ವಾರ ತುಂಬುವುದರೊಳಗೆ ಶುರುವಾಗಬೇಕು. ದಿನದ ಮಾತ್ರೆಯನ್ನು ಎರಡು ಚಮಚದ ನಡುವೆ ಪುಡಿ ಮಾಡಿ, ಒಂದು ಚಮಚ ಎದೆಹಾಲಿನಲ್ಲಿ ಕಲಸಿ ಕೂಡಲೇ ಕುಡಿಸಿ. ಬಾಟಲಿಯ ಹಾಲಿಗೆ ಬೆರೆಸಬೇಡಿ, ಮಗು ಅರ್ಧ ಬಿಟ್ಟರೆ ಎಷ್ಟು ಒಳಗೆ ಹೋಯಿತೆಂದು ಗೊತ್ತಾಗದು. ಚಮಚದ ತಳದಲ್ಲಿ ಬಿಳಿ ಪುಡಿ ಉಳಿದಿದ್ದರೆ ಇನ್ನೆರಡು ಹನಿ ಹಾಲು ಬಿಟ್ಟು ಅದನ್ನೂ ಕುಡಿಸಿ.